ಡ್ರಾಯಿಂಗ್ ಹಾಲಿನ ಕಡೇ ಬೆಂಚು: ಮಲೆನಾಡಿನ ಒಂದು ಐಟಿಐಯಲ್ಲಿ ಜೊತೆಗಾರರೇ ನಡೆಸಿದ ವ್ಯಸನ ತಡೆಯ ಪ್ರಕರಣ

ಶಿವಮೊಗ್ಗ ಜಿಲ್ಲೆಯ ಮಲೆನಾಡು ಸೆರಗಿನ ಒಂದು ಐಟಿಐಯಲ್ಲಿ ಒಂದು ತರಬೇತಿ ವರ್ಷ ನಡೆದ ಕೆಲಸದ ದಾಖಲೆ ಇದು. ಊರು, ತಿಂಗಳು, ತಲೆ ಎಣಿಕೆ, ಕೆಲವರ ಟ್ರೇಡು ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಲಾಗಿದೆ. ವ್ಯಕ್ತಿಗಳಿಗೆ ಒಂದೊಂದು ಅಕ್ಷರ ಮಾತ್ರ. ತೆಗೆದುಕೊಂಡ ತೀರ್ಮಾನಗಳು, ಅವು ಎಲ್ಲಿ ತಪ್ಪಿದವು, ಎಲ್ಲಿ ದಾರಿ ತಿರುಗಿತು ಅನ್ನುವುದನ್ನು ಇದ್ದ ಹಾಗೇ ಇಟ್ಟಿದೆ. ಇಂಥದೇ ಕೆಲಸಕ್ಕೆ ಕೈಹಾಕುವ ಜೆಟಿಒಗಳು (ಐಟಿಐಯಲ್ಲಿ ಕಲಿಸುವ ಕಿರಿಯ ತರಬೇತಿ ಅಧಿಕಾರಿಗಳು), ಹಾಸ್ಟೆಲ್ ವಾರ್ಡನ್‌ಗಳು, ತಾಲೂಕು ಆಸ್ಪತ್ರೆಯ ಆಪ್ತ ಸಮಾಲೋಚಕರು ಓದಲಿ ಎಂಬುದು ಉದ್ದೇಶ.

ಹಿನ್ನೆಲೆ

ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್, ಜೊತೆಗೆ ಕಂಪ್ಯೂಟರಿನ ಕೋಪಾ ಟ್ರೇಡು. ಒಟ್ಟು ನೂರಹತ್ತರ ಆಸುಪಾಸು ಮಕ್ಕಳು. ಹುಡುಗಿಯರು ಹದಿನೇಳು, ಹೆಚ್ಚಿನವರು ಕೋಪಾದಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ನೇರ ಬಂದವರಿಗೆ 16 ವರ್ಷ. ಪಿಯುಸಿಯಲ್ಲಿ ಒಂದೆರಡು ವಿಷಯ ಹೋಗಿ, ಗ್ಯಾರೇಜಿನಲ್ಲೋ ಮೇಸ್ತ್ರಿ ಕೈಕೆಳಗೋ ದುಡಿದು ಬಂದವರಿಗೆ 20, 21. ಒಂದೇ ವೈಸ್ ಟೇಬಲ್ಲಿನಲ್ಲಿ ಈ ಎರಡೂ ವಯಸ್ಸಿನವರು ಅಕ್ಕಪಕ್ಕ ನಿಲ್ಲುತ್ತಾರೆ. ಗುಟ್ಕಾ, ತಂಬಾಕಿನ ಪೌಚ್ ಕೈಯಿಂದ ಕೈಗೆ ದಾಟುವುದು ಅಲ್ಲೇ.

ಫಿಟ್ಟರ್ ಹುಡುಗನ ಮೊದಲ ತಿಂಗಳುಗಳು ಅರ ಉಜ್ಜುವುದರಲ್ಲೇ ಕಳೆಯುತ್ತವೆ. ಕಬ್ಬಿಣದ ತುಂಡನ್ನು ವೈಸಿಗೆ ಕಚ್ಚಿಸಿ ಉಜ್ಜಬೇಕು, ಟ್ರೈಸ್ಕ್ವೇರ್ ಹಿಡಿದು ಸಂದಿಯಲ್ಲಿ ಬೆಳಕು ತೂರುತ್ತದಾ ನೋಡಬೇಕು, ಮತ್ತೆ ಉಜ್ಜಬೇಕು. ನಿಂತೇ ಇರಬೇಕು. ಅಂಗೈಯಲ್ಲಿ ಬೊಬ್ಬೆ, ಭುಜದಲ್ಲಿ ನೋವು, ಮನಸ್ಸಿಗೆ ಬೇಸರ. ಪಕ್ಕದ ಅಣ್ಣ, “ಒಂದು ಹಾಕ್ಕಳೋ, ಕೈನೋವು ಗೊತ್ತಾಗಲ್ಲ” ಅನ್ನುತ್ತಾನೆ. ಸಿಲಿಂಡರ್ ಇರುವ ಶೆಡ್ಡಿನಲ್ಲಿ ಸಿಗರೇಟು ಹೊತ್ತಿಸುವಂತಿಲ್ಲ, ಆದ್ದರಿಂದ ಎಲ್ಲವೂ ತುಟಿಯೊಳಗೆ. 2013ರ ಮೇ ಕೊನೆಯಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲ ಒಂದು ಪೌಚಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬರುತ್ತದೆ. ಬೆರೆಸುವ ಕೆಲಸ ಹುಡುಗನ ಅಂಗೈಗೆ ಬಂದಿದೆ, ಅಷ್ಟೇ. ತಂಬಾಕಿಗೆ ಸುಣ್ಣ ತಿಕ್ಕಿದರೆ ಅದು ಕ್ಷಾರವಾಗಿ, ನಿಕೋಟಿನ್ ಬಾಯಿಯ ಒಳಪದರದಿಂದ ಬೇಗ ರಕ್ತಕ್ಕೆ ಸೇರುತ್ತದೆ. ಮೊದಲ ಸಲ ಹಾಕಿದವನಿಗೆ ತಲೆ ಸುತ್ತಿ ಬೆವರು ಕೀಳುವುದು ಇದರಿಂದಲೇ.

ಇನ್ನೊಂದು ಮುಖ್ಯ ಸಂಗತಿ ಬಸ್ಸು. ಸುತ್ತಲ ಹಳ್ಳಿಗಳಿಂದ ಬರುವ ಮೊದಲ ಬಸ್ಸು 7.40ಕ್ಕೆ ಇಳಿಸುತ್ತದೆ, ತರಗತಿ 9ಕ್ಕೆ. ಸಂಜೆ ಬಿಡುವುದು 4.30ಕ್ಕೆ, ವಾಪಸ್ ಬಸ್ಸು 6.10ಕ್ಕೆ. ದಿನಕ್ಕೆ ಮೂರು ಗಂಟೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು, ಐವತ್ತು ಅರವತ್ತು ಹುಡುಗರು ಮಾಡಲು ಏನೂ ಇಲ್ಲದೆ ಬಸ್‌ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತಿರುತ್ತಾರೆ. ಈ ಲೆಕ್ಕ ಮೊದಲ ಆರು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ.

ಚಕ್ ಕೀ

ಸೆಪ್ಟೆಂಬರಿನ ಒಂದು ಸೋಮವಾರ, ಮಧ್ಯಾಹ್ನದ ಊಟದ ನಂತರ, ಎರಡನೇ ವರ್ಷದ ಟರ್ನರ್ ‘ಸ’ ಲೇತ್ ಚಾಲೂ ಮಾಡಿದ. ಜಾಬ್, ಅಂದರೆ ಕಡೆಯಬೇಕಾದ ತುಂಡನ್ನು, ಕಚ್ಚಿ ಹಿಡಿಯುವ ಚಕ್ಕನ್ನು ಬಿಗಿ ಮಾಡಿದ ಚಕ್ ಕೀ ಚಕ್ಕಿನಲ್ಲೇ ಉಳಿದಿತ್ತು. ಸ್ಪಿಂಡಲ್ ತಿರುಗಿದ್ದೇ ತಡ ಕೀ ಹಾರಿ ಎದುರಿನ ಕಬ್ಬಿಣದ ಬೀರುವಿಗೆ ಬಡಿಯಿತು. ಬಡಿದಲ್ಲಿ ಹೆಬ್ಬೆರಳು ಹಿಡಿಸುವಷ್ಟು ತಗ್ಗು, ಎದೆಮಟ್ಟದಲ್ಲಿ. ಒಂದು ನಿಮಿಷದ ಹಿಂದೆ ಆ ಬೀರುವಿಗೆ ಒರಗಿ ಇಬ್ಬರು ನಿಂತಿದ್ದರು.

ಚಕ್ಕಿನಿಂದ ಕೈ ತೆಗೆಯುವ ಮೊದಲು ಕೀ ತೆಗೆ ಅನ್ನುವುದು ಲೇತಿನ ಮೊದಲ ದಿನದ ಪಾಠ. ‘ಸ’ ದಡ್ಡನಲ್ಲ, ಬ್ಯಾಚಿನಲ್ಲೇ ಒಳ್ಳೆಯ ಕೈ. ವಿಚಾರಿಸಿದಾಗ ತಿಳಿದದ್ದು, ಊಟದ ಬಿಡುವಿನಲ್ಲಿ ಅವನು ಕಾಂಪೌಂಡಿನ ಹಿಂದೆ ಗಾಂಜಾ ಸೇದಿ ಬಂದಿದ್ದ ಮತ್ತು ಅದು ಮೂವರಿಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂದದ್ದಕ್ಕೆ ಒಬ್ಬ ಹೇಳಿದ: “ಹೇಳಿದ್ರೆ ಅವ್ನಿಗೆ ಟಿಸಿ ಕೊಡ್ತಿದ್ರಿ ಸರ್. ಹೇಳ್ದಿದ್ರೆ ಎಂತ ಆಗಲ್ಲ ಅಂದ್ಕಂಡ್ವಿ.”

ಇಡೀ ಪ್ರಕರಣದ ತಿರುಳು ಈ ಮಾತಿನಲ್ಲಿದೆ. ಆ ಮೂವರ ಮುಂದೆ ಇದ್ದದ್ದು ಎರಡೇ ದಾರಿ, ಗೆಳೆಯನ ಓದು ಕಳೆಯುವುದು ಅಥವಾ ಬಾಯಿ ಮುಚ್ಚಿಕೊಳ್ಳುವುದು. ಮೂರನೆಯದನ್ನು ಸಂಸ್ಥೆ ಅವರಿಗೆ ಕೊಟ್ಟೇ ಇರಲಿಲ್ಲ. ಆ ಮೂರನೇ ದಾರಿ ಹಿಡಿಯಲು ಸಂಸ್ಥೆಗೆ ಮುಂದೆ ನಾಲ್ಕು ತಿಂಗಳು ಬೇಕಾಯಿತು.

ಮೊದಲು ಮಾಡಿದ್ದು

ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಪ್ರತಿವರ್ಷದಂತೆ ಜಾಥಾ, ಪ್ರತಿಜ್ಞೆ, ಭಾಷಣ ಆಗಿತ್ತು. ಚಕ್ ಕೀ ಘಟನೆಯ ನಂತರ ಅದನ್ನೇ ಇನ್ನೊಮ್ಮೆ ಮಾಡಿದರು. ಕ್ಯಾನ್ಸರ್ ಆದ ಬಾಯಿಯ ಫೋಟೋಗಳನ್ನು ಗೋಡೆಗೆ ಹಚ್ಚಿದರು. ಹುಡುಗರು ಎರಡು ದಿನ ನೋಡಿದರು, ಮೂರನೇ ದಿನದಿಂದ ಅದರ ಕೆಳಗೇ ನಿಂತು ಪೌಚ್ ಹರಿದರು.

ಆಮೇಲೆ ಬ್ಯಾಗ್ ತಪಾಸಣೆ. ಮೊದಲ ವಾರ ಹತ್ತಾರು ಪೌಚ್ ಸಿಕ್ಕವು, ಎರಡನೇ ವಾರ ಎರಡು, ಮೂರನೇ ವಾರ ಒಂದೂ ಇಲ್ಲ. ಎಲ್ಲರೂ ಬೀಗಿದರು. ಪೌಚುಗಳು ಕಾಂಪೌಂಡಿನ ಕಲ್ಲಿನ ಸಂದಿಗೆ ಹೋಗಿದ್ದವು. ಮೂತ್ರ ಪರೀಕ್ಷೆಯ ಕಿಟ್ ತರಿಸೋಣ ಅನ್ನುವ ಸಲಹೆಯೂ ಬಂತು. ಅದನ್ನು ಕೈಬಿಟ್ಟದ್ದು ಸರಿಯಾದ ತೀರ್ಮಾನ. ಗಾಂಜಾ ಅಪರೂಪಕ್ಕೆ ಸೇದಿದವನಲ್ಲಿ ಕೆಲವು ದಿನ, ದಿನಾ ಸೇದುವವನಲ್ಲಿ ವಾರಗಟ್ಟಲೆ ಕಿಟ್ಟಿನಲ್ಲಿ ಕಾಣುತ್ತದೆ. ಇವತ್ತು ಈ ಹುಡುಗ ಲೇತ್ ಮುಂದೆ ನಿಲ್ಲಬಹುದೇ ಅನ್ನುವ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ. ಹೋದ ವಾರದ ತಪ್ಪಿಗೆ ಈ ವಾರ ಶಿಕ್ಷೆ ಕೊಡಲಷ್ಟೇ ಆಗುತ್ತದೆ.

ಅಕ್ಟೋಬರಿನಲ್ಲಿ ಮೊದಲ ‘ಜೊತೆಗಾರರ ತಂಡ’ ಆಯಿತು. ಜೆಟಿಒಗಳು ಪ್ರತಿ ಟ್ರೇಡಿನಿಂದ ಇಬ್ಬರನ್ನು ಆರಿಸಿದರು: ಹಾಜರಾತಿ ಚೆನ್ನಾಗಿರುವವರು, ಬಿಳಿ ಶರ್ಟಿನವರು, ಎದ್ದು ನಿಂತು ಉತ್ತರ ಕೊಡುವವರು. ಎಲ್ಲರೂ ಹುಡುಗರೇ. ಎದೆಗೆ ಬ್ಯಾಡ್ಜು ಬೇರೆ. ಒಂದು ವಾರದೊಳಗೆ ಅವರಿಗೆ ‘ಸಿಐಡಿ’ ಅಂತ ಹೆಸರು ಬಿತ್ತು. ಅವರು ಬಂದರೆ ಗುಂಪು ಮಾತು ನಿಲ್ಲಿಸುತ್ತಿತ್ತು. ಆ ಮಕ್ಕಳದ್ದೇನೂ ತಪ್ಪಿರಲಿಲ್ಲ. ಸಂಜೆ ಒಬ್ಬರೇ ಬಸ್ಸಿಗೆ ಕಾಯುವ ಶಿಕ್ಷೆಯನ್ನು ಸಂಸ್ಥೆಯೇ ಅವರಿಗೆ ವಿಧಿಸಿತ್ತು.

ಎಲ್ಲಕ್ಕಿಂತ ದೊಡ್ಡ ತಪ್ಪು ನವೆಂಬರಿನದು. ಗಾಂಜಾ ಸೇದುತ್ತಾರೆಂದು ಗೊತ್ತಿದ್ದ ಆರು ಜನರನ್ನು ಒಟ್ಟುಗೂಡಿಸಿ ಪ್ರತಿ ಶನಿವಾರ ಒಂದು ಗಂಟೆ ಗುಂಪು ಸಮಾಲೋಚನೆ ಶುರುವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಬೇರೆ ಬೇರೆ ಟ್ರೇಡು, ಬೇರೆ ಬೇರೆ ಊರಿನ ಆ ಆರು ಜನ ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಸರಿಯಾಗಿ ಬಲ್ಲವರಲ್ಲ. ಐದನೇ ವಾರಕ್ಕೆ ಅವರು ಒಂದು ತಂಡವಾದರು. ಅಪರೂಪಕ್ಕೆ ಸೇದುತ್ತಿದ್ದ ಇಬ್ಬರಿಗೆ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಅನ್ನುವುದು ಅಲ್ಲೇ ತಿಳಿಯಿತು. ಅಡ್ಡದಾರಿ ಹಿಡಿದ ಹದಿಹರೆಯದವರನ್ನೇ ಒಂದೆಡೆ ಸೇರಿಸಿದರೆ ಒಬ್ಬರ ನಗು, ಮೆಚ್ಚುಗೆಯಿಂದ ಇನ್ನೊಬ್ಬರ ಚಾಳಿ ಗಟ್ಟಿಯಾಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಡಿಷಿಯನ್ ಮತ್ತು ಸಂಗಡಿಗರು 1999ರಲ್ಲೇ ಎಚ್ಚರಿಸಿದ್ದರು. ತಾಲೂಕು ಆಸ್ಪತ್ರೆಗೆ ಬರುತ್ತಿದ್ದ ಮನೋವೈದ್ಯಕೀಯ ಸಮಾಜಕಾರ್ಯಕರ್ತೆ ಇದನ್ನು ಗಮನಕ್ಕೆ ತಂದ ದಿನವೇ ಶನಿವಾರದ ಗುಂಪನ್ನು ನಿಲ್ಲಿಸಿದರು. ಐದು ವಾರದ ನಂತರ ತಪ್ಪು ಒಪ್ಪಿಕೊಳ್ಳುವುದು ಸುಲಭವಲ್ಲ. ಪ್ರಾಚಾರ್ಯರು ಅದನ್ನು ಸಿಬ್ಬಂದಿ ಸಭೆಯಲ್ಲಿ ಬಾಯಿಬಿಟ್ಟು ಹೇಳಿದರು. ಮುಂದಿನದು ಸಾಧ್ಯವಾದದ್ದು ಅದರಿಂದ.

ನಾಣ್ಯ ಮತ್ತು ಹುಣಸೆ ಬೀಜ

ಎಷ್ಟು ಜನ ಹಾಕುತ್ತಾರೆ ಅಂತ ಮೊದಲು ಕೈ ಎತ್ತಿಸಿ ಕೇಳಿದ್ದಕ್ಕೆ ಸಿಕ್ಕ ಉತ್ತರ ನಾಲ್ಕು. ಹೆಸರಿಲ್ಲದ ಚೀಟಿಯಲ್ಲಿ ಒಂಬತ್ತು. ಎರಡೂ ಸುಳ್ಳು. ಪ್ರಶ್ನೆಯ ಮಾತೂ ತಪ್ಪಿತ್ತು, “ನೀವು ತಂಬಾಕು ಸೇವಿಸುತ್ತೀರಾ?” ಎಂದು ಕೇಳಿದ್ದರು. ಮಲೆನಾಡಿನಲ್ಲಿ ಕವಳ, ಅಂದರೆ ಎಲೆ ಅಡಿಕೆ, ಹಾಕುವುದು ಊಟದ ಮುಂದುವರಿಕೆ. ಅಜ್ಜಿಯೂ ಹಾಕುತ್ತಾಳೆ, ಮದುವೆ ಮನೆಯಲ್ಲಿ ತಟ್ಟೆಯೇ ಇರುತ್ತದೆ. ಕವಳಕ್ಕೆ ಚೂರು ಹೊಗೆಸೊಪ್ಪು ಸೇರಿಸುವವನು ತಾನು ತಂಬಾಕು ಸೇವಿಸುತ್ತೇನೆ ಅಂದುಕೊಂಡಿರುವುದೇ ಇಲ್ಲ. ಹಾಗಾಗಿ ಪ್ರಶ್ನೆ ಬದಲಾಯಿತು: “ಹೋದ 30 ದಿನದಲ್ಲಿ ಗುಟ್ಕಾ, ಜರ್ದಾ, ಹೊಗೆಸೊಪ್ಪು ಹಾಕಿದ ಕವಳ, ಇದರಲ್ಲಿ ಯಾವುದಾದರೂ ಬಾಯಿಗೆ ಹಾಕಿದೀಯಾ?”

ಕೇಳುವ ವಿಧಾನವೂ ಬದಲಾಯಿತು. ಪ್ರತಿ ಹುಡುಗ ಒಬ್ಬನೇ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಒಂದು ರೂಪಾಯಿ ಚಿಮ್ಮಬೇಕು. ಹೆಡ್ ಬಿದ್ದರೆ ನಿಜ ಏನೇ ಇರಲಿ, ಡಬ್ಬಿಗೆ ಹುಣಸೆ ಬೀಜ. ಟೇಲ್ ಬಿದ್ದರೆ ಮಾತ್ರ ನಿಜ ಹೇಳಬೇಕು: ಹಾಕಿದ್ದರೆ ಹುಣಸೆ ಬೀಜ, ಇಲ್ಲದಿದ್ದರೆ ಅವರೆ ಕಾಳು. ಹುಣಸೆ ಬೀಜ ಹಾಕಿದ್ದನ್ನು ಯಾರಾದರೂ ಕಂಡರೂ, ಹೆಡ್ ಬಿತ್ತು ಅನ್ನಬಹುದು. ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿರಬೇಕು, ಬೀಜ ಬೀಳುವ ಸದ್ದು ಕೇಳಬಾರದು.

ಲೆಕ್ಕ ಸರಳ. ಆ ದಿನ 90 ಹುಡುಗರು. ಅರ್ಧ, ಅಂದರೆ 45 ಬೀಜ ನಾಣ್ಯದ ಪಾಲು. ಬಿದ್ದದ್ದು 66. ಉಳಿದ 21ನ್ನು 45ಕ್ಕೆ ಭಾಗಿಸಿದರೆ ನೂರಕ್ಕೆ ಸುಮಾರು 47. ಜೊತೆಗೆ ಬೇರೆ ಚೀಟಿಯಲ್ಲಿ, ಇಲ್ಲಿ ಹತ್ತು ಹುಡುಗರಲ್ಲಿ ಎಷ್ಟು ಜನ ಹಾಕ್ತಾರೆ ಅಂತ ನಿನಗನಿಸುತ್ತದೆ ಎಂದು ಕೇಳಿದ್ದರು. ಬಹಳ ಮಂದಿ ಎಂಟು, ಒಂಬತ್ತು ಅಂತ ಬರೆದಿದ್ದರು. ಎರಡೂ ಅಂಕಿಯನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದಾಗ ಹಾಲ್ ಸ್ವಲ್ಪ ಹೊತ್ತು ಸುಮ್ಮನಾಯಿತು. ಅರ್ಧಕ್ಕರ್ಧ ಜನ ಹಾಕುವುದೇ ಇಲ್ಲ, ಆದರೆ ಪ್ರತಿಯೊಬ್ಬ ತಾನೊಬ್ಬನೇ ಹೊರಗಿನವನು ಅಂದುಕೊಂಡಿದ್ದ. ಕ್ಯಾನ್ಸರಿನ ಫೋಟೋ ಮಾಡದ ಕೆಲಸವನ್ನು ಈ ಎರಡು ಅಂಕಿ ಮಾಡಿದವು.

ಗಾಂಜಾವನ್ನು ಹೀಗೆ ಅಳೆಯಲು ಹೋಗಬಾರದು. ನೂರಕ್ಕೆ ಐದಾರು ಜನರಲ್ಲಿರುವ ಚಟ ತೊಂಬತ್ತು ನಾಣ್ಯಗಳ ಏರುಪೇರಿನಲ್ಲಿ ಮುಳುಗಿಹೋಗುತ್ತದೆ.

ಚೀಟಿಯಲ್ಲಿ ಬಂದ ಹೆಸರುಗಳು

ಎರಡನೇ ತಂಡವನ್ನು ಮಕ್ಕಳೇ ಆರಿಸಿದರು. ಇದಕ್ಕೊಂದು ಮಾದರಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 59 ಶಾಲೆಗಳಲ್ಲಿ 12–13 ವರ್ಷದ ಮಕ್ಕಳ ನಡುವೆ ನಡೆದು 2008ರಲ್ಲಿ ಪ್ರಕಟವಾದ ‘ಅಸಿಸ್ಟ್’ ಪ್ರಯೋಗದಲ್ಲಿ, ಪ್ರಭಾವ ಇರುವವರು ಯಾರು ಅಂತ ಮಕ್ಕಳನ್ನೇ ಕೇಳಿ, ಹೆಸರು ಬಂದವರಿಗೆ ಶಾಲೆಯ ಹೊರಗೆ ಎರಡು ದಿನ ತರಬೇತಿ ಕೊಟ್ಟು, ಹತ್ತು ವಾರ ಗೆಳೆಯರ ಜೊತೆ ಸಹಜವಾಗಿ ಮಾತಾಡಲು ಬಿಟ್ಟಿದ್ದರು. ಧೂಮಪಾನ ಕಡಿಮೆಯಾಯಿತು. ಅಲ್ಲಿನ ವಯಸ್ಸೂ ಬೇರೆ, ಚಟವೂ ಬೇರೆ. ಇಲ್ಲಿಗೆ ತಂದದ್ದು ಆರಿಸುವ ರೀತಿಯನ್ನು ಮಾತ್ರ.

ಚೀಟಿಯಲ್ಲಿ ಮೂರು ಪ್ರಶ್ನೆ. ಮೈ ಸರಿಯಿಲ್ಲದಿದ್ದರೆ ಇಲ್ಲಿ ಯಾರಿಗೆ ಹೇಳ್ತೀಯ? ಯಾರು ಹೇಳಿದರೆ ನೀನು ಕೇಳ್ತೀಯ? ಯಾರಿಗೆ ಹೇಳಿದ್ದು ಅಲ್ಲೇ ಉಳಿಯುತ್ತೆ? ‘ಒಳ್ಳೆಯವರು’, ‘ಆದರ್ಶ’ ಅನ್ನುವ ಪದ ಎಲ್ಲೂ ಇಲ್ಲ. ಮೂರೂ ಸಾಲಿನಲ್ಲಿ ಹೆಚ್ಚು ಬಾರಿ ಬಂದ ಹದಿನಾರು ಹೆಸರು ತೆಗೆದರು. ಮೊದಲ ತಂಡದವರಲ್ಲಿ ಉಳಿದವನು ಒಬ್ಬನೇ. ಬಂದವರಲ್ಲಿ ಸ್ವತಃ ದಿನಕ್ಕೆ ಆರೇಳು ಪೌಚ್ ಹಾಕುವ ವೆಲ್ಡರ್ ‘ರ’ ಇದ್ದ, ಭಾನುವಾರ ಟೆಂಪೋ ಓಡಿಸುವವನಿದ್ದ, ಹಾಜರಾತಿ ಕಡಿಮೆಯಾಗಿ ಎರಡು ಸಲ ಎಚ್ಚರಿಕೆ ಪತ್ರ ಪಡೆದವನಿದ್ದ. ಕೋಪಾದ ಇಬ್ಬರು ಹುಡುಗಿಯರ ಹೆಸರು ಹುಡುಗರ ಚೀಟಿಯಲ್ಲೂ ಇತ್ತು. ಮನೆಯಲ್ಲಿ ಕುಡಿಯುವ ಅಪ್ಪನನ್ನೋ ಅಣ್ಣನನ್ನೋ ಸಂಭಾಳಿಸಿ ಬಂದಿದ್ದ ಅವರಿಗೆ, ಯಾವಾಗ ಮಾತಾಡಬೇಕು ಯಾವಾಗ ಬಾರದು ಅನ್ನುವುದು ಉಳಿದವರಿಗಿಂತ ಚೆನ್ನಾಗಿ ಗೊತ್ತಿತ್ತು.

ಹಾಕುವವನೇ ಹಾಕಬೇಡ ಅಂತ ಹೇಳುವುದು ಹೇಗೆ? ಸಿಬ್ಬಂದಿ ಸಭೆಯಲ್ಲಿ ಇದಕ್ಕೇ ಒಂದೂವರೆ ಗಂಟೆ ಹೋಯಿತು. ಕಡೆಗೆ ಆದ ತೀರ್ಮಾನ: ಸ್ವತಃ ಬಿಡುವ ಪ್ರಯತ್ನ ಶುರುಮಾಡಲು ಒಪ್ಪಿದರೆ ಪೌಚ್ ಹಾಕುವವನು ತಂಡದಲ್ಲಿರಬಹುದು, ಬೇರೆಯವರಿಗೆ ತಂದುಕೊಡುವವನು ಇರುವಂತಿಲ್ಲ. ಹದಿನಾರರಲ್ಲಿ ಒಬ್ಬನ ಬಗ್ಗೆ ಆ ಅನುಮಾನ ಇತ್ತು. ಮಹಿಳಾ ಜೆಟಿಒ ಅವನನ್ನು ಒಬ್ಬನನ್ನೇ ಕರೆದು, ಆರೋಪ ಹೊರಿಸದೆ, ನಿಯಮ ಮಾತ್ರ ಓದಿ ಹೇಳಿದರು. ಎರಡು ದಿನ ಬಿಟ್ಟು, “ನನಗೆ ಟೈಮ್ ಆಗಲ್ಲ ಮೇಡಂ” ಅಂತ ಅವನೇ ಹಿಂದೆ ಸರಿದ. ಕಾರಣ ಯಾರೂ ಕೇಳಲಿಲ್ಲ.

ತರಬೇತಿ ಸಂಸ್ಥೆಯಲ್ಲಿ ನಡೆಯಲಿಲ್ಲ. ಊರಾಚೆಯ ಸಮುದಾಯ ಭವನದಲ್ಲಿ ಎರಡು ದಿನ, ದಿನಕ್ಕೆ ಐದು ಗಂಟೆ. ಉಪನ್ಯಾಸ ಬಹಳ ಕಡಿಮೆ. ಬಹುಪಾಲು ಸಮಯ ಇಬ್ಬಿಬ್ಬರು ಎದುರುಬದುರು ಕೂತು ಮಾತಾಡುವ ಅಭ್ಯಾಸ, ಅವರದೇ ಭಾಷೆಯಲ್ಲಿ. “ಬಿಡೋ ಮಾರಾಯ, ಸಾಯ್ತೀಯ” ಅಂದರೆ ಎದುರಿನವನು ಏನಂತಾನೆ, “ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ್ನೇದು ಬೇಕು ಅನ್ಸುತ್ತೆ?” ಅಂದರೆ ಏನಂತಾನೆ ಅನ್ನುವುದನ್ನು ಆಡಿ ನೋಡಿದರು. ಎದ್ದ ಅರ್ಧ ಗಂಟೆಯೊಳಗೆ ಬೇಕು ಅನ್ನುವವನಿಗೆ ಬರೀ ಮಾತು ಸಾಲದು, ವೈದ್ಯರ ನೆರವು ಬೇಕು ಅನ್ನುವುದು ಅಲ್ಲೇ ಕಲಿತ ಗುರುತು.

ಗುಟ್ಟಿನ ಗಡಿಯನ್ನೂ ಅಲ್ಲೇ ಎಳೆದರು. ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ, ನಾಲ್ಕು ಸಂದರ್ಭ ಬಿಟ್ಟು: ಸಾಯುವ ಮಾತಾಡಿದರೆ, ಎಚ್ಚರ ತಪ್ಪಿದ್ದರೆ, ಮತ್ತಿನಲ್ಲಿ ಮೆಷಿನ್ ಮುಂದೆ ನಿಲ್ಲಲು ಹೊರಟರೆ, 18 ತುಂಬದವರನ್ನು ಯಾರಾದರೂ ಮಾರಾಟಕ್ಕೆ ಬಳಸುತ್ತಿದ್ದರೆ. ಈ ನಾಲ್ಕನ್ನು ತಂಡದವನು ಮಾತು ಶುರುವಾಗುವ ಮೊದಲೇ ಗೆಳೆಯನಿಗೆ ತಿಳಿಸಬೇಕು.

ಕಡೇ ಬೆಂಚು

ಮೂರನೇ ದಾರಿ ಹೊಳೆದದ್ದು ತರಬೇತಿಯ ಎರಡನೇ ದಿನ ಮಧ್ಯಾಹ್ನ. ಚಕ್ ಕೀ ಘಟನೆಯನ್ನೇ ಆಡಿ ತೋರಿಸುವಾಗ ‘ರ’ ಕೇಳಿದ: “ಜ್ವರ ಬಂದಿದೆ ಅಂದ್ರೆ ಮೆಷಿನ್ ಬಿಡಿಸ್ತೀರಲ್ಲ ಸರ್. ಇದಕ್ಕೂ ಜ್ವರ ಅಂದ್ರೆ ಆಗಲ್ವಾ?”

ಅದೇ ನಿಯಮವಾಯಿತು. ತಂಡದ ಯಾರಾದರೂ ಬಂದು, “ಇವತ್ತು ಇವನು ಡ್ರಾಯಿಂಗಲ್ಲಿ ಕೂರ್ಲಿ ಸರ್” ಅಂದರೆ ಜೆಟಿಒ ಒಪ್ಪಬೇಕು. ಯಾಕೆ ಅನ್ನಬಾರದು, ಹತ್ತಿರ ಬಂದು ಮೂಸಬಾರದು. ಹುಡುಗ ಡ್ರಾಯಿಂಗ್ ಹಾಲಿನ ಕಡೇ ಬೆಂಚಿನಲ್ಲಿ ಕೂತು ಹಾಳೆಯ ಮೇಲೆ ಗೆರೆ ಎಳೆಯುತ್ತಾನೆ. ಹಾಜರಾತಿ ಹೋಗುವುದಿಲ್ಲ. ತನಗೇ ಬೇಕನಿಸಿದರೆ ಅವನೇ ಬಂದು ಹೇಳಬಹುದು. ರಿಜಿಸ್ಟರಿನಲ್ಲಿ ದಿನಾಂಕ, ಹೊತ್ತು, ಟ್ರೇಡು ಈ ಮೂರೇ ಕಾಲಂ.

ಸೇದಿದವರಿಗೆ ರಜೆ ಕೊಟ್ಟ ಹಾಗಾಯಿತು ಎಂಬ ಆಕ್ಷೇಪ ಬಂತು, ನ್ಯಾಯವಾದದ್ದೇ. ಮೊದಲ ತಿಂಗಳು ದುರುಪಯೋಗವೂ ಆಯಿತು. ಅರ ಉಜ್ಜಲು ಬೇಸರವಾದ ಇಬ್ಬರು ವಾರಕ್ಕೆ ಮೂರು ಸಲ ‘ಡ್ರಾಯಿಂಗ್’ ಹಿಡಿದರು. ಬೆಂಚನ್ನು ರದ್ದು ಮಾಡುವ ಬದಲು, ತಪ್ಪಿದ ಜಾಬನ್ನು ಶನಿವಾರ ಮಧ್ಯಾಹ್ನ ಕೂತು ಮುಗಿಸಬೇಕು ಅನ್ನುವ ಒಂದೇ ಸಾಲು ಸೇರಿಸಿದರು. ಇಬ್ಬರೂ ವೈಸಿಗೆ ಮರಳಿದರು.

ಸಂಸ್ಥೆಯ ದೃಷ್ಟಿಯಿಂದ ಇದು ನುಂಗಲು ಕಷ್ಟದ ನಿಯಮ. ಮತ್ತಿನಲ್ಲಿರುವವನು ಅಂತ ಗೊತ್ತಿದ್ದೂ ಕೇಳದೆ ಬಿಡಬೇಕು. ಆದರೆ ಕೇಳಿದರೆ ನಾಳೆ ಯಾರೂ ಬಂದು ಹೇಳುವುದಿಲ್ಲ, ಮತ್ತಿನ ಕೈ ಲೇತ್ ಮೇಲೇ ಇರುತ್ತದೆ. ಬೀರುವಿನ ಮೇಲಿನ ತಗ್ಗನ್ನು ಬಣ್ಣ ಹೊಡೆದು ಮುಚ್ಚದೆ ಹಾಗೇ ಬಿಟ್ಟದ್ದು ಇದನ್ನು ಸಿಬ್ಬಂದಿಗೆ ನೆನಪಿಸಲಿಕ್ಕಾಗಿಯೇ.

ಕೇಸ್ ಆಗುತ್ತಾ ಅನ್ನುವ ಭಯಕ್ಕೂ ಸ್ಪಷ್ಟ ಉತ್ತರ ಬೇಕಿತ್ತು. ಮಾದಕ ವಸ್ತು ತಡೆಯ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಯೂ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಂ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಚಿಕಿತ್ಸೆಗೆ ಹೋದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು. ಮಾರುವವನಿಗೆ ಈ ರಕ್ಷಣೆ ಇಲ್ಲ. ಇದನ್ನು ತಂಡದ ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ಹೇಳುವಷ್ಟು ಕಲಿತರು.

ಕೊಯ್ಲು, ಅಡಿಕೆ, ಮೂರು ಬೆರಳು

ನವೆಂಬರಿನಿಂದ ಜನವರಿ ಮುಗಿಯುವವರೆಗೆ ಅಡಿಕೆ ಕೊಯ್ಲು. ಹುಡುಗರು ರಜೆ ಹಾಕಿ ಕೊನೆ, ಅಂದರೆ ಅಡಿಕೆ ಗೊನೆ, ಹೊರುತ್ತಾರೆ, ರಾತ್ರಿ ಸುಲಿಯಲು ಕೂರುತ್ತಾರೆ. ಕೈಗೆ ದುಡ್ಡು ಬರುತ್ತದೆ, ನಿದ್ದೆ ಕೆಡುತ್ತದೆ, ಸುಲಿಯುವ ಚಪ್ಪರದಲ್ಲಿ ಕವಳದ ತಟ್ಟೆ ತಿರುಗುತ್ತಿರುತ್ತದೆ. ಬಿಡುವ ಪ್ರಯತ್ನ ಶುರುಮಾಡಲು ಇದಕ್ಕಿಂತ ಕೆಟ್ಟ ಹೊತ್ತಿಲ್ಲ. ಫೆಬ್ರವರಿಯ ಎಣಿಕೆಯಲ್ಲಿ 90ಕ್ಕೆ 68 ಬೀಜ ಬಿದ್ದವು, ಅಂದರೆ ನೂರಕ್ಕೆ 51. ತಂಡದ ಮಕ್ಕಳು ಕುಸಿದುಹೋದರು. ಕೊಯ್ಲಿನ ಲೆಕ್ಕ ಹಿಡಿದೇ ಇರಲಿಲ್ಲ ಅನ್ನುವುದು ಯೋಜನೆ ಮಾಡಿದವರ ತಪ್ಪು, ಮಕ್ಕಳದ್ದಲ್ಲ. ಮಲೆನಾಡಿನಲ್ಲಿ ಇಂಥ ಕೆಲಸ ಮಾಡುವವರು ತರಬೇತಿಯನ್ನು ಸೆಪ್ಟೆಂಬರಿನಲ್ಲೇ ಮುಗಿಸಬೇಕು, ಇಲ್ಲವೇ ಫೆಬ್ರವರಿಗೆ ಇಟ್ಟುಕೊಳ್ಳಬೇಕು.

ಪೋಷಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತರು: “ಅಡಿಕೆ ಮಾರಿದ ದುಡ್ಡಲ್ಲೇ ಇವನ ಫೀಸ್ ಕಟ್ಟಿದ್ದು. ಅಡಿಕೆನೇ ವಿಷ ಅಂತ ಕಲಿಸ್ತೀರಾ?” ಜಾರಿಕೊಳ್ಳುವ ಉತ್ತರ ಕೊಡಬಹುದಿತ್ತು, ಕೊಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ, ತಂಬಾಕು ಸೇರಿಸದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ದಿನವಿಡೀ ಜಗಿದರೆ ಬಾಯಿಯ ಒಳಪದರ ನಾರುಗಟ್ಟುತ್ತದೆ. ಹುಡುಗರಲ್ಲಿ ಅದು ಬೇಗ ಬರುತ್ತಿರುವುದಕ್ಕೆ ಪೌಚ್ ಕಾರಣ ಎಂದು ಸಮಾಜಕಾರ್ಯಕರ್ತೆ ನೇರವಾಗಿ ಹೇಳಿದರು. ತಂದೆ ಒಪ್ಪಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ತಂಡದವರು ಅಡಿಕೆಯ ವಾದಕ್ಕೆ ಇಳಿಯಲಿಲ್ಲ. ಅವರ ಕೈಯಲ್ಲಿದ್ದದ್ದು ಮೂರು ಬೆರಳಿನ ಪರೀಕ್ಷೆ. ತೋರುಬೆರಳು, ನಡುಬೆರಳು, ಉಂಗುರಬೆರಳು ಜೋಡಿಸಿ, ಉಗುರಿನ ಪಕ್ಕದ ಅಂಚು ಮೇಲೆ ಕೆಳಗೆ ಬರುವಂತೆ ನೆಟ್ಟಗೆ ತಿರುಗಿಸಿ, ಮುಂದಿನ ಹಲ್ಲುಗಳ ನಡುವೆ ಇಡಬೇಕು. ಮೂರೂ ಹಿಡಿಸಿದರೆ ಸರಿ. ಎರಡೇ ಹಿಡಿಸಿದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಕೆನ್ನೆಯೊಳಗೆ ಬಿಳಿಚಿಕೊಂಡು ಗಟ್ಟಿ ಪಟ್ಟಿಯಂತೆ ಕೈಗೆ ಸಿಕ್ಕರೆ ದಂತವೈದ್ಯರ ಹತ್ತಿರ ಹೋಗಬೇಕು. ‘ರ’ ತನ್ನ ಬಾಯಿಗೆ ಬೆರಳಿಟ್ಟು ತೋರಿಸಿದ. ಎರಡೂವರೆ. ಅವನಿಗೆ ವಯಸ್ಸು 19. ಅದನ್ನು ಕಂಡ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ತಾವಾಗಿಯೇ ಬಾಯಿ ಅಳೆಯತೊಡಗಿದರು.

ಬಿಡುವವರಿಗೆ ಹೇಳಿಕೊಟ್ಟದ್ದು ಇಷ್ಟು. ಮೊದಲ ಎರಡು ಮೂರು ದಿನ ಅತಿ ಕಷ್ಟ, ಸಿಟ್ಟು ಬರುತ್ತದೆ, ನಿದ್ದೆ ಬರುವುದಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಬೇಕೆನಿಸುವ ಒಂದೊಂದು ಅಲೆಯೂ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ಕೈಗೆ ಕೆಲಸ, ಬಾಯಿಗೆ ಬೇರೇನಾದರೂ ಬೇಕು. ನಿಕೋಟಿನ್ ಗಮ್ ವೈದ್ಯರನ್ನು ಕೇಳಿ ಮಾತ್ರ, ಮತ್ತು ಅದನ್ನು ಬಬಲ್‌ಗಮ್ಮಿನಂತೆ ಜಗಿಯಬಾರದು: ನಾಲ್ಕಾರು ಸಲ ಜಗಿದು ಖಾರ ಬಂದೊಡನೆ ಕೆನ್ನೆಗೆ ಒತ್ತಿ ಇಡಬೇಕು. ಹಾಗೆ ಮಾಡದ ಮೂವರು ಬಿಕ್ಕಳಿಕೆ ಬಂತೆಂದು ಎಸೆದರು. ಹೆಚ್ಚು ಉಪಯೋಗಕ್ಕೆ ಬಂದದ್ದು ಬೆಟ್ಟದ ನೆಲ್ಲಿಕಾಯಿ ಹೆಚ್ಚಿ ಉಪ್ಪು ಹಾಕಿ ಬಿಸಿಲಲ್ಲಿ ಒಣಗಿಸಿದ ನೆಲ್ಲಿ ಅಡಿಕೆ. ಜೇಬಿನಲ್ಲಿ ಪೌಚಿನ ಜಾಗದಲ್ಲೇ ಕೂರುತ್ತದೆ, ತುಟಿಯೊಳಗೆ ಅದೇ ಜಾಗದಲ್ಲಿ ಇಡಬಹುದು.

ಬಸ್ಸಿನ ಲೆಕ್ಕ ಕಂಡುಹಿಡಿದದ್ದೂ ತಂಡವೇ, ಮಾರ್ಚಿನಲ್ಲಿ. ಸಂಜೆ ಆರರವರೆಗೆ ಗೇಟು ತೆರೆದಿಡಿ, ವಾಲಿಬಾಲ್ ನೆಟ್ ಕಟ್ಟಿಕೊಡಿ, ಮಳೆ ಬಂದರೆ ವೆಲ್ಡಿಂಗ್ ಶೆಡ್ಡಿನ ಜಗಲಿಯಲ್ಲಿ ಕೇರಂ ಎಂದು ಕೇಳಿದರು. ಒಟ್ಟು ಖರ್ಚು ಒಂದು ನೆಟ್, ಎರಡು ಬಾಲ್, ಎರಡು ಕೇರಂ ಬೋರ್ಡು, ಕಾವಲುಗಾರನ ಒಂದೂವರೆ ಗಂಟೆ. ಈ ಪ್ರಕರಣದಲ್ಲಿ ಅತಿ ಕಡಿಮೆ ಮಾತಿನಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಅದೇ ಇರಬೇಕು.

ಕೈತಪ್ಪಿದ್ದು

ಮೊದಲ ವರ್ಷದ, ಹದಿನಾರರ ‘ಮ’ನನ್ನು ಎಲ್ಲರೂ ತಪ್ಪಿಸಿಕೊಂಡರು. ಎಲ್ಲರ ಕಣ್ಣೂ ಪೌಚು ಮತ್ತು ಗಾಂಜಾದ ಮೇಲಿತ್ತು. ಅವನು ಪಂಕ್ಚರ್ ಸಲ್ಯೂಷನ್ನಿನ ಆವಿ ಎಳೆಯುತ್ತಿದ್ದ. ಮುಖದ ಸುತ್ತ ಒಣಗಿದ ಗುಳ್ಳೆ, ಬ್ಯಾಗಿನಲ್ಲಿ ವಾಸನೆ, ಮಧ್ಯಾಹ್ನದ ತಲೆನೋವು, ಎಲ್ಲ ಗುರುತೂ ಇತ್ತು. ಸ್ಟೋರಿನ ಥಿನ್ನರ್ ಡಬ್ಬಿಯೂ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಒಂದು ಸಂಜೆ ಸಿಕ್ಕಿಬಿದ್ದವನನ್ನು ಕಾವಲುಗಾರ ಓಡಿಸಿಕೊಂಡು ಹೋದ. ಏನೂ ಅನಾಹುತ ಆಗಲಿಲ್ಲ ಅನ್ನುವುದು ಪುಣ್ಯ. ಇಂಥ ಆವಿ ಎಳೆದವನನ್ನು ಬೆನ್ನಟ್ಟಬಾರದು, ಬೆಚ್ಚಿಬೀಳಿಸಬಾರದು. ಹೃದಯದ ಬಡಿತ ತಾಳ ತಪ್ಪಿ ಅಲ್ಲೇ ಸಾಯುವ ಅಪಾಯವಿದೆ. ಗಾಳಿಯಾಡುವಲ್ಲಿ ಕೂರಿಸಿ, ಮೆತ್ತಗೆ ಮಾತಾಡಿ, 108ಕ್ಕೆ ಕರೆ ಮಾಡಬೇಕು. ‘ಮ’ ಮರುದಿನದಿಂದ ಬರಲಿಲ್ಲ. ಮನೆಗೆ ಎರಡು ಸಲ ಹೋದರೂ ಸಿಗಲಿಲ್ಲ. ಈಗ ಥಿನ್ನರ್ ಡಬ್ಬಿಗೆ ಬೀಗ ಇದೆ, ಪ್ರತಿ ಸಂಜೆ ಅಳತೆ ಕಡ್ಡಿ ಹಾಕಿ ಬರೆದಿಡುತ್ತಾರೆ. ಅವನಿಗೆ ಅದು ತಡವಾಯಿತು.

ಕೋಪಾದ ‘ಗ’ಳ ವಿಷಯ ಬೇರೆ. ಎಲ್ಲರೂ ಅವಳ ಹತ್ತಿರವೇ ಬರುತ್ತಿದ್ದರು. ಏಪ್ರಿಲ್ ಹೊತ್ತಿಗೆ ಹನ್ನೊಂದು ಜನರ ಭಾರ ಅವಳ ಮೇಲಿತ್ತು, ಅದರಲ್ಲಿ ಒಬ್ಬ ಸಾಯುವ ಮಾತಾಡಿದ್ದ. ನಿಯಮದಂತೆ ಅವಳು ತಕ್ಷಣ ತಿಳಿಸಿದಳು, ಅವನಿಗೆ ಅಂದೇ ನೆರವು ಸಿಕ್ಕಿತು. ಆದರೆ ಅವಳು ವಾರಗಟ್ಟಲೆ ನಿದ್ದೆಯಿಲ್ಲದೆ ಕಳೆದದ್ದು ಯಾರಿಗೂ ಗೊತ್ತಾಗಲಿಲ್ಲ. ಒಬ್ಬರಿಗೆ ಐವರಿಗಿಂತ ಹೆಚ್ಚು ಬೇಡ ಅನ್ನುವ ಮಿತಿ ಅದಾದ ಮೇಲೆ ಬಂತು. ಶುಕ್ರವಾರದ ನಲವತ್ತು ನಿಮಿಷದ ಕೂಟದಲ್ಲಿ ಮೊದಲ ಹತ್ತು ನಿಮಿಷ, ನೀವು ಹೇಗಿದ್ದೀರಿ ಅನ್ನುವುದಕ್ಕೇ ಮೀಸಲಾಯಿತು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ತಂಡದವರಿಗೆ ಕೊಟ್ಟದ್ದು ಬೇರೆಯವರಿಗಾಗಿ ಅಂತ. ಮೊದಲು ಕರೆ ಮಾಡಿದವಳು ಅವಳೇ.

‘ಸ’, ಚಕ್ ಕೀಯವನು, ಬೆಂಚನ್ನು ನಾಲ್ಕು ಸಲ ಬಳಸಿದ, ಕಡೆಯ ಎರಡು ಸಲ ತಾನಾಗಿ. ಮಾರ್ಚಿನಲ್ಲಿ ‘ರ’ನ ಜೊತೆ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿಗೆ ಹೋದ. ಒಬ್ಬನೇ ಹೋಗು ಅಂದಿದ್ದಾಗ ಮೂರು ಮಂಗಳವಾರ ಗೇಟಿನ ತನಕ ಹೋಗಿ ಮರಳಿದ್ದನಂತೆ. ಏಳು ವಾರ ಬಿಟ್ಟು, ಊರ ಜಾತ್ರೆಯಲ್ಲಿ ಮತ್ತೆ ಸೇದಿ, ಮತ್ತೆ ಕ್ಲಿನಿಕ್ಕಿಗೆ ಹೋದ. ಪರೀಕ್ಷೆ ಬರೆದ.

ಉಳಿದ ಲೆಕ್ಕ

ಜೂನಿನ ಎಣಿಕೆಯಲ್ಲಿ 90ಕ್ಕೆ 60 ಬೀಜ, ಅಂದರೆ ನೂರಕ್ಕೆ 33. ಇದನ್ನು ಗೆಲುವು ಅಂತ ವರದಿ ಬರೆಯುವ ಆಸೆ ಎಲ್ಲರಿಗೂ ಇತ್ತು. ಆದರೆ ತೊಂಬತ್ತು ಜನರ ನಾಣ್ಯದ ಲೆಕ್ಕದಲ್ಲಿ ಹತ್ತು ಹದಿನೈದು ಅಂಕ ಬರೀ ನಾಣ್ಯದ ಆಟದಿಂದಲೇ ಆಚೀಚೆ ಹೋಗಬಹುದು. 47ರಿಂದ 33ಕ್ಕೆ ಇಳಿದದ್ದು ನಿಜವೂ ಇರಬಹುದು, ಅದೃಷ್ಟವೂ ಇರಬಹುದು. ಫೆಬ್ರವರಿಯ ಏರಿಕೆಗೂ ಇದೇ ಮಾತು.

ಹೆಚ್ಚು ನಂಬಬಹುದಾದ ಅಳತೆ ಪೊರಕೆಯದು. ಪ್ರತಿ ಶನಿವಾರ ಸ್ಟೋರಿನ ಹಿಂದೆ ಗುಡಿಸಿ ಖಾಲಿ ಪೌಚು ಎಣಿಸುತ್ತಿದ್ದರು. ಡಿಸೆಂಬರಿನಲ್ಲಿ ವಾರಕ್ಕೆ ನೂರನಲವತ್ತರ ಹತ್ತಿರ, ಜೂನಿನಲ್ಲಿ ಐವತ್ತರ ಸುತ್ತ. ಅದರಲ್ಲೂ ಒಂದು ಪಾಲು ಬಸ್‌ಸ್ಟ್ಯಾಂಡಿಗೆ ಹೋಗಿದೆ. ಗೇಟಿನ ಎದುರಿನ ಗೂಡಂಗಡಿಯನ್ನು ಟೇಪ್ ಹಿಡಿದು ಅಳೆದಾಗ 60 ಮೀಟರ್ ಬಂತು, ಶಿಕ್ಷಣ ಸಂಸ್ಥೆಯ ಸುತ್ತ ತಂಬಾಕು ಮಾರಬಾರದೆಂದು 2003ರ ಕೋಟ್ಪಾ ತಂಬಾಕು ನಿಯಂತ್ರಣ ಕಾಯ್ದೆ ಹೇಳಿದ್ದ 100 ಗಜದೊಳಗೆ. ಅಂಗಡಿಯ ಅಜ್ಜಿ ತಂಡದವರ ಮಾತಿಗೆ ಪೌಚಿನ ಸರ ಒಳಗಿಟ್ಟರು. ಸಂಜೆ ಹೊತ್ತು ಕೇಳಿದರೆ ಈಗಲೂ ಕೊಡುತ್ತಾರೆ.

ಸ್ವಲ್ಪದರಲ್ಲಿ ತಪ್ಪಿದ ಮೆಷಿನ್ ಅವಘಡಗಳನ್ನು ಬರೆದಿಡುವ ರಿಜಿಸ್ಟರಿನಲ್ಲಿ ಜನವರಿಯ ನಂತರ ಮತ್ತಿಗೆ ಸಂಬಂಧಿಸಿದ ನಮೂದು ಒಂದೂ ಇಲ್ಲ. ಬೆಂಚಿನ ರಿಜಿಸ್ಟರಿನಲ್ಲಿ 31 ನಮೂದು.

ಜುಲೈಯಲ್ಲಿ ಟರ್ನರ್ ವಿಭಾಗದ ಜೆಟಿಒ ವರ್ಗವಾದರು. ಹೊಸಬರು ಬಂದ ವಾರದಲ್ಲೇ, ಒಳ್ಳೆಯ ಮನಸ್ಸಿನಿಂದಲೇ, ಬೆಂಚಿನ ರಿಜಿಸ್ಟರಿಗೆ ಸ್ಕೇಲ್ ಇಟ್ಟು ಎರಡು ಕಾಲಂ ಸೇರಿಸಿದರು: ಹೆಸರು, ಕಾರಣ. ಮೂರು ವಾರ ಯಾರೂ ಬರಲಿಲ್ಲ. ಮೂರನೇ ಶುಕ್ರವಾರ ತಂಡದವರು ರಿಜಿಸ್ಟರನ್ನೂ ಆ ಹೊಸ ಜೆಟಿಒ ಅವರನ್ನೂ ಬೀರುವಿನ ಹತ್ತಿರ ಕರೆದೊಯ್ದು ತಗ್ಗು ತೋರಿಸಿದರು. ಆ ಎರಡು ಕಾಲಮ್ಮಿನ ಮೇಲೆ ಈಗ ಬಿಳಿ ಕಾಗದ ಅಂಟಿಸಿದೆ. ಅದರ ಕೆಳಗಿನ ಮೊದಲ ನಮೂದು ಮುಂದಿನ ಸೋಮವಾರದ್ದು, ಮಧ್ಯಾಹ್ನ 2.05, ಟರ್ನರ್.